ಹುಡುಗಿಯರ ಸಾಲಿನ ಬೆಂಚು

ದಸರಾ ರಜೆ ಮುಗಿದ ಬೆಳಿಗ್ಗೆ ಹೈಸ್ಕೂಲಿನ ಹತ್ತನೇ ತರಗತಿಗೆ ಹೊಸ ಬೆಂಚೊಂದು ಬಂತು. ಹುಡುಗಿಯರ ಸಾಲಿನಲ್ಲಿದ್ದ ಒಂದೇ ಒಂದು ಹಳೇ ಬೆಂಚಿನ ಎದೆ ಧಸಕ್ಕೆಂದಿತು.

"ತಂಗೀ, ನನ್ನನ್ನು ಒಲೆಗೆ ಕಳಿಸಲು ಬಂದೆಯಾ?" ಎಂದಿತು ಅದು. "ಹತ್ತು ವರ್ಷದ ಹಿಂದೆ ನನ್ನ ಮೇಲೆ ಮೂವರು ಕೂರುತ್ತಿದ್ದರು. ಇಂಥದೇ ರಜೆಯಲ್ಲಿ ಇಬ್ಬರಿಗೆ ಮದುವೆ ಮಾಡಿಬಿಟ್ಟರು. ಉಳಿದವಳು ಒಬ್ಬಳೇ ಕೂತು ಅತ್ತಾಗ ಜೊತೆಗಿದ್ದವಳು ನಾನು. ಈಗ ಆರು ಜನ ಒತ್ತಿಕೊಂಡು ಕೂರುವುದಕ್ಕೆ ಕಾಲು ಅಲುಗಾಡುತ್ತದೆ, ನಿಜ. ಅಷ್ಟಕ್ಕೇ ಹೊರಗೆ ಹಾಕುವುದು ನ್ಯಾಯವೇ?"

ಹೊಸ ಬೆಂಚು ನಕ್ಕಿತು. "ಅಯ್ಯೋ ಅಕ್ಕಾ, ನಿನ್ನ ಜಾಗಕ್ಕಲ್ಲ, ನಿನ್ನ ಪಕ್ಕಕ್ಕೆ ಬಂದವಳು ನಾನು. ಆರಕ್ಕೆ ಆರೂ ಜನ ರಜೆ ಮುಗಿಸಿ ಬಂದಿದ್ದಾರೆ. ಶಾಲೆ ಬಿಟ್ಟಿದ್ದ ಇನ್ನಿಬ್ಬರನ್ನೂ ಕೈಹಿಡಿದು ಕರೆತಂದಿದ್ದಾರೆ. ಸ್ವಲ್ಪ ಸರಿ."

ಹಳೇ ಬೆಂಚು ಸರಿದ ರಭಸಕ್ಕೆ ಹುಡುಗರ ಸಾಲು ಹೋಗಿ ಗೋಡೆಗೆ ತಾಗಿತು.