ಅರ್ಧ ಗಡ್ಡದ ಅನುಮತಿ

ಬಡವನ ಮೊರೆಯನ್ನು ಶಿವ ಕೇಳುತ್ತಾನೆ ಎಂಬ ನನ್ನ ನಂಬಿಕೆ ಗಟ್ಟಿಯಾದದ್ದು ಕ್ಷೌರದ ಕಸುಬಿನ ಹಡಪದ ನಿಂಗಪ್ಪನಿಂದ.

ನ್ಯಾಯಾಧೀಶರ ಭಾವಮೈದುನ ಊರ ಕೆರೆಯ ಜಾಗ ನುಂಗಿದ್ದಾನೆ ಎಂದು ನಿಂಗಪ್ಪ ತುಂಬಿದ ಕೋರ್ಟಿನಲ್ಲಿ ಹೇಳಿಬಿಟ್ಟ. ನ್ಯಾಯಾಧೀಶರು ಅವನಿಗೆ ಹುಚ್ಚೆಂದು ತೀರ್ಪು ಬರೆದು ಹುಚ್ಚಾಸ್ಪತ್ರೆಯಲ್ಲಿ ಕೂಡಿಹಾಕಿಸಿದರು. ಬಿಡಿಸಬೇಕೆಂದು ಹಾಕಿದ ಅರ್ಜಿಯೂ ವಜಾ ಆಯಿತು. ಮೇಲಿನ ಕೋರ್ಟಿಗೆ ಹೋಗಲು ಅದೇ ನ್ಯಾಯಾಧೀಶರ ಅನುಮತಿ ಬೇಕು.

ಅವರ ಗಡ್ಡಕ್ಕೆ ಮಾತ್ರ ನಿಂಗಪ್ಪನ ಕೈಯೇ ಆಗಬೇಕು. ಒಂದು ಬೆಳಿಗ್ಗೆ ಆಸ್ಪತ್ರೆಗೇ ಬಂದು ಕುಳಿತರು. ಒಂದು ಕೆನ್ನೆ ನುಣ್ಣಗಾದ ಮೇಲೆ ನಿಂಗಪ್ಪ ಅನುಮತಿ ಕೇಳಿದ.

"ಹುಚ್ಚನ ಅರ್ಜಿ ನಡೆಯೂದಿಲ್ಲೋ," ಎಂದು ನ್ಯಾಯಾಧೀಶರು ನಕ್ಕರು.

ನಿಂಗಪ್ಪ ಶಿವನನ್ನು ನೆನೆದು ಕತ್ತಿ ಮಡಚಿದ. "ಹಂಗಾದ್ರ ಹುಚ್ಚ ಕತ್ತಿ ಹಿಡಿಯೂದೂ ತಪ್ಪರೀ, ಸಾಹೇಬ್ರ."

"ಲೇ, ಹನ್ನೊಂದಕ್ಕ ಕೋರ್ಟ್ ಐತಿ. ಅರ್ಧ ಗಡ್ಡ ಇಟ್ಕೊಂಡು ಹೋಗ್ಲೇನು?"

"ತೀರ್ಪು ಬರೆದವರು ನೀವರೀ. ನನ್ನ ಬುದ್ಧಿ ನೆಟ್ಟಗೈತಿ ಅಂತ ಬರೆದುಕೊಡ್ರಿ, ಮುಗಿಸ್ತೀನಿ."

ಒಬ್ಬ ಕೈಹಚ್ಚಿದ ಗಡ್ಡವನ್ನು ಇನ್ನೊಬ್ಬ ಮುಟ್ಟಬಾರದೆಂಬುದು ಆ ಊರ ಹಡಪದರ ಕಟ್ಟಳೆ. ನ್ಯಾಯಾಧೀಶರಿಗೂ ಅದು ಗೊತ್ತಿತ್ತು. ಹಲ್ಲು ಕಚ್ಚಿ ಬರೆದುಕೊಟ್ಟರು.

ನಿಂಗಪ್ಪ ಇನ್ನೊಂದು ಕೆನ್ನೆಯನ್ನೂ ನುಣ್ಣಗೆ ಮಾಡಿ, ಮುಖ ಒರೆಸಿದ. ಆ ಚೀಟಿಯನ್ನು ತನ್ನ ಅರ್ಜಿಗೇ ಚುಚ್ಚಿ ಮುಂದಿಟ್ಟ. "ಬುದ್ಧಿ ನೆಟ್ಟಗಿದ್ದವನ ಅರ್ಜಿ ಐತ್ರಿ. ರುಜು ಹಾಕ್ರಿ."

"ಗಡ್ಡ ಮುಗೀತಲ್ಲ. ಹಾಕದಿದ್ರ ಏನ್ ಮಾಡ್ತಿ?"

"ನಾನೇನ್ ಮಾಡ್ಲಿರೀ? ನಾಳೆ ಮತ್ತ ಬೆಳೀತದ."

ನ್ಯಾಯಾಧೀಶರು ಕೆನ್ನೆ ಸವರಿಕೊಂಡು ರುಜು ಹಾಕಿದರು.