ಗದ್ಯದಲ್ಲಿ ಇಲ್ಲದ ರೆಸಿಡೆಂಟ್

ನದಿ ದಂಡೆಯ ಮೇಲೊಂದು ಮಠ. ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರಿಗೆ ಅಲ್ಲಿ ಊಟ, ವಸತಿ, ಪಾಠ ಎಲ್ಲ ಪುಕ್ಕಟೆ. ಪಾಠ ಹೇಳುತ್ತಿದ್ದವರು ಮಠದ ಸ್ವಾಮಿಗಳಾದ ಅಜ್ಜನವರೇ.

ಓದುವವರಲ್ಲಿ ಕೊಟ್ರಯ್ಯ ಅಂತ ಒಬ್ಬ. ಇತಿಹಾಸದಲ್ಲಿ ಎಂ.ಎ. ಮಾಡಿದವನು, ಅದೇ ಅವನ ಗ್ರಹಚಾರ. ಎರಡು ಸಲ ಪರೀಕ್ಷೆಗೆ ಕೂತಿದ್ದ, ಎರಡು ಸಲವೂ ಗದ್ಯಭಾಗ ಓದಿ ಉತ್ತರಿಸುವ ಪ್ರಶ್ನೆಗಳಲ್ಲೇ ಮುಗ್ಗರಿಸಿದ್ದ. ಈ ಸಲ ತಪ್ಪಿದರೆ ವಯಸ್ಸು ಮೀರುತ್ತದೆ. ಆಮೇಲೆ ಸೋದರಮಾವನ ಹಿಟ್ಟಿನ ಗಿರಣಿಯೇ ಗತಿ. ಮಾವ ಆಗಲೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ, ಎಂ.ಎ. ಓದಿದವನು ಹಿಟ್ಟು ಎಷ್ಟು ನುಣ್ಣಗೆ ಬೀಸ್ತಾನೆ ನೋಡೋಣ ಅಂತ.

ಒಂದು ದಿನ ಅಜ್ಜನವರು ಗದ್ಯಭಾಗ ಓದಿದರು. "ದಿವಾನರು ರಾಜೀನಾಮೆ ಕೊಟ್ಟರು. ಮರುದಿನ ಅರಸರು ಬೇಟೆಗೆ ಹೊರಟರು." ಓದಿ ಕೇಳಿದರು:

"ಅರಸರು ಬೇಟೆಗೆ ಹೋಗಿದ್ದು ಯಾಕ? ದಿವಾನರ ಮ್ಯಾಲಿನ ಸಿಟ್ಟಿಗೋ, ಪ್ರಜೆಗಳಿಗೆ ಹೆದರಿಯೋ, ಬ್ರಿಟಿಷ್ ರೆಸಿಡೆಂಟನ ಕಣ್ಣು ತಪ್ಪಿಸಲಿಕ್ಕೋ, ಇಲ್ಲಾ ಗದ್ಯಭಾಗ ಕಾರಣ ಹೇಳಿಲ್ಲೋ?"

"ರೆಸಿಡೆಂಟ್, ಅಜ್ಜಾರ! ಅನುಮಾನನ ಬ್ಯಾಡ" ಎಂದ ಕೊಟ್ರಯ್ಯ.

"ಗದ್ಯದಾಗ ಅವನು ಎಲ್ಲಿ ಅದಾನೋ?"

"ಗದ್ಯದಾಗ ಇಲ್ಲ್ರಿ. ಆದ್ರ ಸಂಸ್ಥಾನ ಅಂದಮ್ಯಾಲೆ ಅರಸರ ಮ್ಯಾಲೆ ಕಣ್ಣಿಡಾಕ ಬ್ರಿಟಿಷರ ಒಬ್ಬ ರೆಸಿಡೆಂಟ್ ಇರಬೇಕಲ್ರಿ!"

ಅಜ್ಜನವರು ಪುಸ್ತಕ ಮುಚ್ಚಿದರು. "ಅಡಿಗಿಮನಿಗೆ ಹೋಗು. ಅಜ್ಜಾರು ಇವತ್ತು ಮಧ್ಯಾಹ್ನ ಉಣ್ಣಂಗಿಲ್ಲ ಅಂತ ನೀಲವ್ವಗ ಹೇಳಿ ಬಾ."

ಅಡಿಗೆಮನೆ ನಲವತ್ತು ಹೆಜ್ಜೆ ದೂರ. ಅಷ್ಟರೊಳಗೆ ಕೊಟ್ರಯ್ಯನ ತಲೆ ಓಡಿತು. ಅಜ್ಜಾರು ಯಾಕೆ ಉಣ್ಣೋದಿಲ್ಲ? ನಿನ್ನೆ ಸಾರಿನಲ್ಲಿ ಉಪ್ಪು ಹೆಚ್ಚಾಗಿತ್ತಲ್ಲ, ಅದಕ್ಕೇ!

"ನೀಲವ್ವಾ, ಅಜ್ಜಾರು ಇವತ್ತು ಉಣ್ಣಂಗಿಲ್ಲಂತ. ನಿನ್ನೆ ಸಾರಿಗೆ ಉಪ್ಪು ಸುರಿದಿದ್ದಿಯಲ್ಲ, ಸಿಟ್ಟಾಗ್ಯಾರ."

ನೀಲವ್ವ ಆ ಒಲೆಯ ಮುಂದೆ ಮೂವತ್ತು ವರ್ಷ ಕೂತವಳು. "ಹೌದೇನು? ಹಂಗಾರ ಉಪ್ಪು ಹಾಕೋದು ಗೊತ್ತಿದ್ದವರನ್ನ ಕರ್ಕೊಳ್ಳಲಿ!" ಎಂದು ಸೌಟು ಎಸೆದು, ಸೆರಗು ಸಿಗಿಸಿ, ಪಕ್ಕದೂರಿನ ತಮ್ಮನ ಮನೆಗೆ ನಡೆದೇಬಿಟ್ಟಳು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ತಟ್ಟೆ ಹಿಡಿದು ಕೂತ ನಲವತ್ತು ಮಂದಿ ಕೊಟ್ರಯ್ಯನನ್ನು ತಿಂದುಬಿಡುವ ಹಾಗೆ ನೋಡಿದರು.

ಕೊಟ್ರಯ್ಯ ಏದುಸಿರು ಬಿಡುತ್ತ ಓಡಿ ಬಂದ. "ಅಜ್ಜಾರ, ನೀಲವ್ವ ಮಠ ಬಿಟ್ಟು ಹ್ವಾದ್ಲು!"

"ನಾ ಏನು ಹೇಳಿ ಕಳಿಸಿದ್ದೆ?"

"ಉಣ್ಣಂಗಿಲ್ಲ ಅಂತ್ರಿ."

"ಯಾಕ ಅಂತ ಹೇಳಿದ್ನೇನು?"

"ಇಲ್ಲ್ರಿ."

"ಆಕಿ ಬರೋತನಕ ರೊಟ್ಟಿ ನೀನ ಬಡಿ" ಎಂದರು ಅಜ್ಜನವರು.

ಮೂರು ದಿನ ಕೊಟ್ರಯ್ಯ ರೊಟ್ಟಿ ಬಡಿದ. ಒಂದೊಂದೂ ಅಣ್ಣತಮ್ಮಂದಿರು ಹರಿದು ಹಂಚಿಕೊಂಡ ಸಂಸ್ಥಾನದ ಹಾಗಿತ್ತು. ಅಯ್ಯೋ, ತಿಂದವರ ಹೊಟ್ಟೆಯ ಪಾಡು ಕೇಳಬೇಡಿ! ಸಂಜೆ ಆದರೆ ನೀಲವ್ವನ ತಮ್ಮನ ಮನೆಗೆ ಹೋಗುವುದು, ಉಪ್ಪಿನ ಬಗ್ಗೆ, ಸಿಟ್ಟಿನ ಬಗ್ಗೆ ಉದ್ದುದ್ದ ವಿವರಣೆ ಕೊಡುವುದು, ಬೈಸಿಕೊಂಡು ಬರುವುದು. ಮೂರನೆಯ ಸಂಜೆ ಹೋಗಿ "ತಪ್ಪಾತವ್ವ" ಎಂದಷ್ಟೇ ಹೇಳಿ ನಿಂತ.

ನೀಲವ್ವ ಕೇಳಿದಳು, "ಮತ್ತೇನಾರ ಸೇರಿಸಿ ಹೇಳೋದೈತೇನು?"

"ಇಲ್ಲವ್ವ. ಅಷ್ಟ."

ಮರುದಿನ ಅವಳು ಒಲೆಯ ಮುಂದಿದ್ದಳು.

ಪರೀಕ್ಷೆಯ ದಿನ ಬಂತು. ಕೊಟ್ರಯ್ಯ ಗದ್ಯಭಾಗ ತೆರೆದು ನೋಡಿದ. ಅದು ಅವನದೇ ಊರಿನ ಹೊನ್ನಹಾಳ ಸಂಸ್ಥಾನದ ಕಥೆ. "ಕೊನೆಯ ಅರಸರು ಸ್ವಂತ ಇಚ್ಛೆಯಿಂದ, ನಗುನಗುತ್ತಾ ಗದ್ದುಗೆ ಬಿಟ್ಟುಕೊಟ್ಟರು" ಎಂದಿತ್ತು. ನಗುನಗುತ್ತಾ! ಪ್ರಜೆಗಳು ಮೂರು ದಿನ ಅರಮನೆಗೆ ಮುತ್ತಿಗೆ ಹಾಕಿದ್ದರು. ಆ ಗದ್ದಲದಲ್ಲಿ ಅವನ ಸ್ವಂತ ತಾತನ ಎರಡು ಹಲ್ಲು ಉದುರಿದ್ದವು.

ಪ್ರಶ್ನೆ ಹೀಗಿತ್ತು: "ಗದ್ಯಭಾಗದ ಪ್ರಕಾರ, ಅರಸರು ಗದ್ದುಗೆ ಬಿಟ್ಟದ್ದು ಯಾಕೆ?" ಮೊದಲ ಉತ್ತರ, ಸ್ವಂತ ಇಚ್ಛೆಯಿಂದ. ಎರಡನೆಯದು, ಪ್ರಜೆಗಳ ಮುತ್ತಿಗೆಯಿಂದ.

ಪೆನ್ನು ಎರಡನೆಯದರ ಮೇಲೆ ಹೋಗಿ ನಿಂತಿತು. ಕೊಟ್ರಯ್ಯ ಗದ್ಯಭಾಗವನ್ನು ಇನ್ನೊಮ್ಮೆ ಓದಿದ. ಹಲ್ಲು ಕಚ್ಚಿಕೊಂಡು ಮೊದಲನೆಯದನ್ನೇ ಗುರುತು ಮಾಡಿದ.

ಫಲಿತಾಂಶ ಬಂದಾಗ ಅವನು ಒಂದೇ ಒಂದು ಅಂಕದ ಅಂತರದಲ್ಲಿ ಆಯ್ಕೆಯಾಗಿದ್ದ. ಗಿರಣಿ ತಪ್ಪಿತು. ಪೇಡೆಯ ಪೊಟ್ಟಣ ಹಿಡಿದು ಮಠಕ್ಕೆ ಬಂದವನು ಅಜ್ಜನವರ ಮುಂದೆ ಕೂತು ಗೊಳೋ ಎಂದು ಅತ್ತುಬಿಟ್ಟ.

"ನೌಕರಿ ಸಿಕ್ಕಮ್ಯಾಲೆ ಅಳ್ತಾರೇನೋ?"

"ಅಜ್ಜಾರ, ಅಲ್ಲಿ ಬರ್ದಿದ್ದು ಶುದ್ಧ ಸುಳ್ಳು. ಗೊತ್ತಿದ್ದೂ ಅದನ್ನ ಗುರುತು ಮಾಡಿದೆ. ನಮ್ಮ ತಾತಗ ದ್ರೋಹ ಮಾಡಿದ್ನೇನ್ರಿ?"

ಅಜ್ಜನವರು ಪೇಡೆ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ತಿಂದರು.

"ಆ ಗದ್ಯ ಬರೆದವರು ಹೇಳಿದ್ದನ್ನ ಪರೀಕ್ಷೆ ದಿನ ಪೂರ್ತಿ ಕೇಳಿಸಿಕೊಂಡಿ, ಒಪ್ಪಿಕೊಳ್ಳಲಿಲ್ಲ. ಇನ್ನ ಹೋಗು, ಅವರ ಕೂಡ ಜಗಳ ಆಡು."