ಜಪಾನಿನ ನಕ್ಷೆ ಮತ್ತು ಅತ್ತಿಗೆಯ ಪ್ರಶ್ನೆ

ಅರಸೀಕೆರೆಯಲ್ಲಿ ವಿಶಾಲಾಕ್ಷಿ ಎಂಬ ಚಿತ್ರಕಲೆಯ ಮೇಡಂ ಇದ್ದಳು. ಪ್ರೌಢಶಾಲೆಯಿಂದ ನಿವೃತ್ತಳಾದ ಮೇಲೆ ಅವಳಿಗೆ ಒಂದೇ ಒಂದು ಆಸೆ ಉಳಿದಿತ್ತು. ಜಪಾನ್ ದೇಶವನ್ನು ಒಬ್ಬಳೇ, ರೈಲಿನಲ್ಲಿ, ನಿಧಾನವಾಗಿ ಸುತ್ತಿ ಬರಬೇಕು.

ಒಬ್ಬಳೇ ಏಕೆ ಎಂಬುದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಅವಳ ಹಟ ಅರ್ಥವಾಗುವುದಿಲ್ಲ. ಶಾಲೆಯಲ್ಲಿ ಪ್ರತಿ ವರ್ಷವೂ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವ ಕೆಲಸ ಅವಳದೇ ಆಗಿತ್ತು. ಹಂಪಿಗೆ ಹೋದಾಗ ಮಕ್ಕಳ ತಲೆ ಎಣಿಸಿದಳು. ಜೋಗಕ್ಕೆ ಹೋದಾಗಲೂ ತಲೆ ಎಣಿಸಿದಳು. ಜಲಪಾತಕ್ಕೆ ಬೆನ್ನು ಹಾಕಿ, ಮಕ್ಕಳ ಕಡೆ ಮುಖ ಮಾಡಿ ನಿಂತಿದ್ದರಿಂದ, ಜೋಗ ಹೇಗಿದೆ ಎಂದು ಯಾರಾದರೂ ಕೇಳಿದರೆ "ಸದ್ದು ಜೋರಾಗಿದೆ" ಎಂದಷ್ಟೇ ಹೇಳಬಲ್ಲವಳಾಗಿದ್ದಳು. ಹಾಗಾಗಿ ಒಮ್ಮೆಯಾದರೂ ಕಿಟಕಿಯ ಪಕ್ಕ ಕುಳಿತು, ಯಾರನ್ನೂ ಎಣಿಸದೆ, ಹೊರಗೆ ನೋಡಬೇಕೆಂಬುದು ಅವಳ ಬಯಕೆ. ಮಂಡಿ ನೋವು ಆಗಲೇ ಶುರುವಾಗಿತ್ತು. ಈ ಸಲ ತಪ್ಪಿದರೆ ಇನ್ನೊಂದು ಸಲ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಅವಳು ಇದ್ದದ್ದು ಅಣ್ಣನ ಮನೆಯ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ. ಅಲ್ಲಿಯ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಇಡೀ ಜಪಾನನ್ನು ತಾನೇ ಬರೆದಿದ್ದಳು. ಟೋಕಿಯೋದಿಂದ ಉತ್ತರಕ್ಕೆ ಹೋಗಿ, ಸಮುದ್ರದ ಅಡಿಯ ಸುರಂಗ ದಾಟಿ, ಹಿಮದ ಊರುಗಳನ್ನು ನೋಡಿ, ಅಲ್ಲಿಂದ ಕ್ಯೋಟೋ, ಹಿರೋಶಿಮಾ, ಕಡೆಗೆ ದಕ್ಷಿಣದ ತುದಿಯವರೆಗೂ ಕೆಂಪು ಗೆರೆ. ಅವಳ ಲೆಕ್ಕಾಚಾರ ಸರಳವಾಗಿತ್ತು. ಹಗಲಲ್ಲಿ ಊರು ನೋಡುವುದು, ರಾತ್ರಿ ರೈಲು ಹತ್ತಿ ಮಲಗುವುದು, ಬೆಳಿಗ್ಗೆ ಕಣ್ಣು ಬಿಟ್ಟರೆ ಮುಂದಿನ ಊರು. ಅರಸೀಕೆರೆಯಲ್ಲಿ ಹುಟ್ಟಿ ಬೆಳೆದವರಿಗೆ ಇದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲ. ಅದು ಜಂಕ್ಷನ್. ಅಲ್ಲಿ ರಾತ್ರಿಯೆಲ್ಲ ರೈಲುಗಳು ಬರುತ್ತವೆ, ಹೋಗುತ್ತವೆ. ಚಪ್ಪಲಿಯನ್ನು ಸೀಟಿನ ಕೆಳಗೆ ಒಳಕ್ಕೆ ತಳ್ಳಿ, ಕೈಚೀಲವನ್ನು ತಲೆಯಡಿ ಇಟ್ಟುಕೊಂಡು ಮಲಗಿದರೆ ಬೆಳಗಾಗುವಷ್ಟರಲ್ಲಿ ಇನ್ನೊಂದು ಊರು. ರೈಲು ಎಂದರೆ ಅಲ್ಲಿಯವರಿಗೆ ಅದೇ.

ಆದರೆ ಯೋಜನೆ ಬೆಳೆದಂತೆ ವಿಶಾಲಾಕ್ಷಿಯ ಮನಸ್ಸಿನಲ್ಲಿ ಅನುಮಾನವೂ ಬೆಳೆಯಿತು. ಯಾರೋ ತನ್ನನ್ನು ತಡೆಯುತ್ತಾರೆ ಎಂಬ ಅನುಮಾನ.

ಎದುರು ಮನೆಯ ಜಯಣ್ಣ ಗೇಟಿನ ಹತ್ತಿರ ನಿಂತು, "ಯಾವತ್ತು ಹೊರಡ್ತೀರಾ ಮೇಡಂ?" ಎಂದು ಕೇಳಿದ. ಇವನಿಗೆ ತಾರೀಖು ಯಾಕೆ ಬೇಕು ಎಂದುಕೊಂಡು ಅವಳು "ಇನ್ನೂ ಏನೂ ಇಲ್ಲ" ಎಂದಳು. ಅಣ್ಣ "ನಾನೂ ಜೊತೆಗೆ ಬರಲೇನೇ?" ಎಂದ. ಒಬ್ಬಳೇ ಹೋಗುವುದು ಇವನಿಗೆ ಇಷ್ಟವಿಲ್ಲ, ಅದನ್ನು ನೇರವಾಗಿ ಹೇಳದೆ ಹೀಗೆ ಸುತ್ತಿ ಹೇಳುತ್ತಿದ್ದಾನೆ ಎಂದುಕೊಂಡಳು.

ಅವಳು ಅನುಮಾನಿಸದೆ ಇದ್ದದ್ದು ಒಬ್ಬನನ್ನು ಮಾತ್ರ. ಅವನು ಬೆಂಗಳೂರಿನ ಪ್ರವಾಸ ಕಚೇರಿಯೊಂದರ ಉದಯಶಂಕರ. ಅವನನ್ನು ಅವಳು ನೋಡಿರಲಿಲ್ಲ, ಮಾತೆಲ್ಲ ಫೋನಿನಲ್ಲೇ. ಅವನು ಏನನ್ನೂ ಕೇಳುತ್ತಿರಲಿಲ್ಲ. ಅವಳು ಏನು ಹೇಳಿದರೂ "ಆಗುತ್ತೆ ಮೇಡಂ, ನಾನಿದ್ದೀನಲ್ಲ" ಎನ್ನುತ್ತಿದ್ದ. ಎಲ್ಲರೂ ಅಡ್ಡಗಾಲು ಹಾಕುತ್ತಿರುವಾಗ ಇವನೊಬ್ಬ ದಾರಿ ಬಿಡುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತ್ತು. ಸೋಮವಾರ ಅವನು ಟಿಕೆಟ್‌ಗಳನ್ನೆಲ್ಲ ಖಾಯಂ ಮಾಡುವವನಿದ್ದ. ಖಾಯಂ ಆದ ಮೇಲೆ ಬದಲಾಯಿಸುವಂತಿಲ್ಲ ಎಂದೂ ಹೇಳಿದ್ದ.

ಶನಿವಾರ ಮಧ್ಯಾಹ್ನ ಅತ್ತಿಗೆ ಶಿವಗಂಗಮ್ಮ ಬಟ್ಟಲಲ್ಲಿ ಹುರುಳಿಕಾಳಿನ ಬಸ್ಸಾರು ಹಿಡಿದು ಮೇಲೆ ಬಂದರು. ಗೋಡೆಯ ಮುಂದೆ ನಿಂತು ನಕ್ಷೆಯನ್ನು ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದರು:

"ಅಲ್ಲ ಕಣೆ ವಿಶಾಲು, ರಾತ್ರಿ ಎಲ್ಲಿ ಮಲ್ಕಂತೀಯ?"

ವಿಶಾಲಾಕ್ಷಿಯ ಮುಖ ಕೆಂಪಾಯಿತು. ಒಂಟಿ ಹೆಂಗಸನ್ನು ರಾತ್ರಿ ಎಲ್ಲಿ ಮಲಗುತ್ತೀಯ ಎಂದು ಕೇಳುವುದು ಎಂಥ ಮಾತು! ಮದುವೆಯಾಗದೆ ಉಳಿದವಳು ಎಂದು ತಾನೇ ಇವರು ಹೀಗೆ ಕೇಳುತ್ತಿರುವುದು?

"ಏನತ್ತಿಗೆ ಹಾಗಂದ್ರೆ?" ಎಂದಳು, ದನಿ ಬಿಗಿಯಾಗಿ.

"ಹಂಗಂದ್ರೆ ಹಂಗೇಯ. ನೀನು ಬರ್ದಿರದ್ರಲ್ಲಿ ರೈಲೈತೆ, ಬೆಟ್ಟೈತೆ, ಕಡಲೈತೆ. ಮಲಗಕ್ಕೆ ಒಂದು ಮನೆ ಕಾಣ್ಲಿಲ್ಲ. ಅದುಕ್ಕೆ ಕೇಳ್ದೆ."

"ರೈಲಲ್ಲೇ ಮಲಗ್ತೀನಿ. ಅಷ್ಟೂ ಗೊತ್ತಾಗಲ್ವಾ?"

"ಅಲ್ಲೂ ನಮ್ಮಂಗೇ ರಾತ್ರಿಯೆಲ್ಲ ಓಡ್ತಾವಾ?"

"ಜಪಾನು ಅತ್ತಿಗೆ ಅದು! ಇಲ್ಲೇ ಓಡುತ್ತೆ, ಅಲ್ಲಿ ಓಡಲ್ವಾ?"

ಶಿವಗಂಗಮ್ಮ ಇನ್ನೇನೋ ಕೇಳಲು ಬಾಯಿ ತೆರೆದವರು, ನಾದಿನಿಯ ಮುಖ ನೋಡಿ ಸುಮ್ಮನಾದರು. ಆದರೆ ಕೆಳಗೆ ಹೋಗಲಿಲ್ಲ. ಬಟ್ಟಲು ವಾಪಸು ಬೇಕಾಗಿತ್ತು, ಅಲ್ಲೇ ಕುಳಿತರು. ಈಗ ವಿಶಾಲಾಕ್ಷಿಗೆ ಇನ್ನೊಂದು ಅನುಮಾನ ಹುಟ್ಟಿತು. ನಾನು ಹೋದ ಮೇಲೆ ಈ ಕೋಣೆಗಳನ್ನು ಬಾಡಿಗೆಗೆ ಕೊಡುವ ಯೋಚನೆ ಇರಬಹುದೇ? ಅದಕ್ಕೇ ಇಷ್ಟು ವಿಚಾರಣೆಯೇ? ಒಂದು ಕಡೆ ಇವರು ಹೋಗಬೇಡ ಎನ್ನುತ್ತಿದ್ದಾರೆ ಎಂಬ ಅನುಮಾನ, ಇನ್ನೊಂದು ಕಡೆ ಹೋದರೆ ಸಾಕೆಂದು ಕಾಯುತ್ತಿದ್ದಾರೆ ಎಂಬ ಅನುಮಾನ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ. ಅನುಮಾನ ಹಿಡಿದಾಗ ಹೀಗೇ ಆಗುತ್ತದೆ.

ಅತ್ತಿಗೆಯ ಬಾಯಿ ಮುಚ್ಚಿಸಬೇಕೆಂದು ಅವಳು ಆಗಲೇ ಉದಯಶಂಕರನಿಗೆ ಫೋನ್ ಮಾಡಿದಳು. ಅತ್ತಿಗೆಗೂ ಕೇಳಿಸಲಿ ಎಂದು ಸ್ಪೀಕರ್ ಹಾಕಿದಳು.

"ಉದಯಶಂಕರ್, ರಾತ್ರಿ ರೈಲುಗಳಲ್ಲಿ ನನಗೆ ಕೆಳಗಿನ ಬರ್ತೇ ಬೇಕು. ಮಂಡಿ ನೋವು."

"ಆಗುತ್ತೆ ಮೇಡಂ. ಎಲ್ಲಾ ಲೋಯರ್ ಬರ್ತೇ ಹಾಕ್ಸೋಣ."

ಅವಳು ಅತ್ತಿಗೆಯ ಕಡೆ, ಕೇಳಿಸಿತೇ ಎಂಬಂತೆ ನೋಡಿದಳು.

"ರಾತ್ರಿ ಊಟ ರೈಲಲ್ಲೇ ಸಿಗುತ್ತಲ್ವಾ?"

"ಸಿಗುತ್ತೆ ಮೇಡಂ."

"ಅನ್ನ, ಸಾರು?"

"ಸಿಗುತ್ತೆ ಮೇಡಂ, ಬಿಸಿಬಿಸಿ."

ಈ ದನಿಯನ್ನು ವಿಶಾಲಾಕ್ಷಿ ಮೊದಲೂ ಕೇಳಿದ್ದಳು. ತರಗತಿಯಲ್ಲಿ ಕೆಲವು ಮಕ್ಕಳು ಇರುತ್ತಾರೆ. ಅರ್ಥವಾಯಿತೇ ಎಂದರೆ, ಪ್ರಶ್ನೆ ಮುಗಿಯುವ ಮೊದಲೇ "ಆಯ್ತು ಮಿಸ್" ಎನ್ನುತ್ತಾರೆ. ಹಾಗೆ ಹೇಳಿದವರಿಗೆ ಒಂದು ಸಲವೂ ಅರ್ಥವಾಗಿರುತ್ತಿರಲಿಲ್ಲ. ಅರ್ಥ ಮಾಡಿಕೊಳ್ಳುತ್ತಿದ್ದ ಮಕ್ಕಳು ತಡೆದು ತಡೆದು, "ಅದು ಹೇಗೆ ಮಿಸ್?" ಎಂದು ಕೇಳುತ್ತಿದ್ದರು. ಅಷ್ಟು ದಿನ ತಪ್ಪು ಕಡೆಗೆ ತಿರುಗಿದ್ದ ಅವಳ ಅನುಮಾನ ಆಗ ಸರಿಯಾದ ಕಡೆಗೆ ತಿರುಗಿತು.

ಅವಳು ಇನ್ನೊಂದು ಪ್ರಶ್ನೆ ಕೇಳಿದಳು, ದನಿಯಲ್ಲಿ ಏನೂ ತೋರಿಸದೆ.

"ಉದಯಶಂಕರ್, ಜಪಾನಿನಲ್ಲಿ ಕಣಕಟ್ಟೆ ಅಂತ ಒಂದು ಊರಿದೆಯಂತಲ್ಲ. ಅಲ್ಲಿ ರೈಲು ನಿಲ್ಲುತ್ತಾ?"

ತಿಳಿಯದವರಿಗಾಗಿ ಹೇಳಬೇಕು. ಕಣಕಟ್ಟೆ ಇರುವುದು ಅರಸೀಕೆರೆ ತಾಲ್ಲೂಕಿನಲ್ಲಿ. ಶಿವಗಂಗಮ್ಮನವರ ತವರೂರು ಅದೇ.

"ನಿಲ್ಲುತ್ತೆ ಮೇಡಂ! ಸೂಪರ್ ಜಾಗ. ಫಾರಿನರ್ಸ್ ತುಂಬಾ ಹೋಗ್ತಾರೆ. ಹೂ ಬಿಡೋ ಟೈಮಲ್ಲಿ ನೋಡ್ಬೇಕು ನೀವು. ಅಲ್ಲಿ ಒಂದು ದಿನ ಜಾಸ್ತಿ ಇಟ್ಬಿಡಣ್ವಾ?"

ಶಿವಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಗು ತಡೆಯಲಾಗದೆ ಅವರ ಭುಜಗಳು ಕುಲುಕುತ್ತಿದ್ದವು. "ಆ ಊರಲ್ಲಿ ಇಷ್ಟೊಂದು ವರ್ಷ ಇದ್ದೆ, ಒಬ್ಬ ಫಾರಿನರ್ ನನ್ ಕಣ್ಣಿಗೆ ಬೀಳ್ಲಿಲ್ವಲ್ಲೇ" ಎಂದರು, ಫೋನ್ ಇಟ್ಟ ಮೇಲೆ.

ವಿಶಾಲಾಕ್ಷಿ ಮಾತ್ರ ನಗಲಿಲ್ಲ. ರಾತ್ರಿಯೆಲ್ಲ ಓಡುತ್ತವೆಯೇ ಎಂದು ಅತ್ತಿಗೆ ಕೇಳಿದ ಪ್ರಶ್ನೆಯನ್ನೇ ಮೊಬೈಲಿನಲ್ಲಿ ಬರೆದು, ಆ ದೇಶದ ರೈಲಿನವರೇ ಹಾಕಿದ ವಿವರಗಳನ್ನು ಹುಡುಕಿ ಓದಿದಳು. ಅಲ್ಲಿ ದೂರದ ಊರುಗಳಿಗೆ ಹೋಗುವ ವೇಗದ ರೈಲುಗಳು ನಡುರಾತ್ರಿಯಿಂದ ಬೆಳಗಿನವರೆಗೆ ಓಡುವುದೇ ಇಲ್ಲ. ಮಲಗಿಕೊಂಡು ಹೋಗುವ ರೈಲುಗಳು ಈಗ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಇದ್ದರೂ ಅವಳ ಕೆಂಪು ಗೆರೆಯ ಮೇಲಲ್ಲ. ರಾತ್ರಿ ಎಷ್ಟೋ ನಿಲ್ದಾಣಗಳಿಗೆ ಬಾಗಿಲು ಹಾಕಿಬಿಡುತ್ತಾರೆ. ಅಂದರೆ, ಅವಳು ಪ್ರತಿ ರಾತ್ರಿಯೂ ಚೀಲ ಹಿಡಿದು, ಭಾಷೆ ಬಾರದ ಊರಿನಲ್ಲಿ, ಮುಚ್ಚಿದ ಬಾಗಿಲಿನ ಹೊರಗೆ ಚಳಿಯಲ್ಲಿ ನಿಲ್ಲಬೇಕಾಗಿತ್ತು.

ಅವಳು ಬಂದು ಅತ್ತಿಗೆಯ ಪಕ್ಕ ನೆಲದ ಮೇಲೆ ಕುಳಿತಳು.

"ಅತ್ತಿಗೆ, ನಾನು ನಿಮ್ಮ ಮಾತನ್ನ ತಪ್ಪಾಗಿ ತಿಳ್ಕೊಂಡೆ."

"ಗೊತ್ತಾಯ್ತು ಬಿಡು. ಮೂಗಿನ ಮೇಲೇ ಇತ್ತಲ್ಲ ಸಿಟ್ಟು."

"ನೀವು ಇನ್ನೂ ಏನೋ ಕೇಳೋಕೆ ಹೊರಟಿದ್ರಿ."

"ಹೂಂ, ನುಂಗ್ಕಂಡೆ. ಕೇಳ್ಲಾ? ಎಗರಾಡ್ಬಾರ್ದು ಮತ್ತೆ."

"ಕೇಳಿ."

"ಅಲ್ಲಿ ಜ್ವರ ಗಿರ ಬಂದ್ರೆ, ಹೊಟ್ಟೆ ನೋವು ಬಂದ್ರೆ, ಅವ್ರ ಭಾಷೆಲಿ ಹೆಂಗ್ ಹೇಳ್ತೀಯ?"

"ಗೊತ್ತಿಲ್ಲ" ಎಂದಳು ವಿಶಾಲಾಕ್ಷಿ. ಯೋಜನೆ ಶುರುವಾದಾಗಿನಿಂದ ಅವಳು ಆ ಮಾತು ಹೇಳಿದ್ದು ಅದೇ ಮೊದಲು. ಅತ್ತಿಗೆ ಇನ್ನೊಂದು ಕೇಳಿದರು, ಮತ್ತೊಂದು ಕೇಳಿದರು. ಕೆಲವು ಪ್ರಶ್ನೆಗಳಿಗೆ ಅರ್ಥವಿರಲಿಲ್ಲ. ಅಲ್ಲಿ ಎಲೆ ಅಡಿಕೆ ಸಿಗುತ್ತದೆಯೇ ಎಂಬುದು ಹಾಗೆ ಬಂದ ಪ್ರಶ್ನೆ. ವಿಶಾಲಾಕ್ಷಿ ಅದಕ್ಕೂ ಸಿಟ್ಟಾಗದೆ ಉತ್ತರ ಹುಡುಕಿದಳು. ಭಾನುವಾರವೆಲ್ಲ ಕೂತು ಕೆಂಪು ಗೆರೆಯನ್ನು ಅಳಿಸಿ ಹೊಸದಾಗಿ ಎಳೆದಳು. ಊರುಗಳು ಕಡಿಮೆಯಾದವು. ಪ್ರತಿ ಊರಿನಲ್ಲೂ ನಿಲ್ದಾಣದ ಹತ್ತಿರ ಒಂದು ಪುಟ್ಟ ಮನೆಯ ಚಿತ್ರ ಬಂತು. ಅಂದರೆ ವಸತಿಗೃಹ ಎಂದು ಅರ್ಥ.

ಸೋಮವಾರ ಉದಯಶಂಕರನೇ ಫೋನ್ ಮಾಡಿದ.

"ಟಿಕೆಟ್ ಬೇಡ" ಎಂದಳು ವಿಶಾಲಾಕ್ಷಿ.

"ಆಯ್ತು ಮೇಡಂ."

"ನಿಮಗೆ ಆ ದೇಶದ ರೈಲಿನ ವಿಷಯ ಏನೂ ಗೊತ್ತಿಲ್ಲ."

"ಖಂಡಿತ ಮೇಡಂ."

"ಇನ್ನು ಮೇಲೆ ನನಗೆ ಫೋನ್ ಮಾಡಬೇಡಿ."

"ಆಗುತ್ತೆ ಮೇಡಂ, ನಾನಿದ್ದೀನಲ್ಲ" ಎಂದ ಅವನು.

ವಿಶಾಲಾಕ್ಷಿ ತಾನೇ ವಿಚಾರಿಸಿ, ತಾನೇ ಟಿಕೆಟ್ ಮಾಡಿಸಿ, ಆ ಚಳಿಗಾಲದಲ್ಲೇ ಹೋದಳು. ಉತ್ತರದ ಹಿಮದ ಊರೊಂದರಲ್ಲಿ, ಸಂಜೆ ಬೆಳಕಿರುವಾಗಲೇ ರೈಲಿಳಿದು ವಸತಿಗೃಹಕ್ಕೆ ಬಂದಳು. ಅದರ ಯಜಮಾನಿ ಒಬ್ಬ ಮುದುಕಿ. ಅವಳು ಕೈಸನ್ನೆಯಲ್ಲಿ ಒಂದರ ಮೇಲೊಂದು ಕೇಳತೊಡಗಿದಳು: ಒಬ್ಬಳೇ ಬಂದೆಯಾ? ಈ ಚಪ್ಪಲಿಯಲ್ಲೇ ಹಿಮದಲ್ಲಿ ನಡೆಯುತ್ತೀಯಾ? ನಾಳೆ ಯಾವ ಕಡೆ? ವಿಶಾಲಾಕ್ಷಿ ಚೀಲವನ್ನು ಕೆಳಗಿಟ್ಟು, ಅದರ ಮೇಲೇ ಕುಳಿತು, ಒಂದೊಂದಕ್ಕೂ ಸನ್ನೆಯಲ್ಲೇ ಉತ್ತರ ಹೇಳಿದಳು. ಮುದುಕಿ ತಲೆಯಾಡಿಸಿ ಒಳಗೆ ಹೋಗಿ, ಒಂದು ಜೊತೆ ದಪ್ಪ ಬೂಟು ತಂದು ಅವಳ ಕಾಲ ಹತ್ತಿರ ಇಟ್ಟಳು.

ನೀತಿ: ನಮ್ಮ ಯೋಜನೆಯ ಬಗ್ಗೆ ಪ್ರಶ್ನೆ ಕೇಳುವವರೆಲ್ಲ ನಮ್ಮನ್ನು ತಡೆಯುವವರಲ್ಲ. ಎಷ್ಟೋ ಸಲ ನಮ್ಮ ಜೊತೆ ಮನಸ್ಸಿನಲ್ಲೇ ಆ ದಾರಿಯನ್ನು ನಡೆದು ನೋಡಿದವರಿಗೆ ಮಾತ್ರ ಪ್ರಶ್ನೆ ಹುಟ್ಟುತ್ತದೆ. ಅನುಮಾನ ಪಡಲೇಬೇಕೆಂದರೆ, ಏನನ್ನೂ ಕೇಳದೆ ಎಲ್ಲಕ್ಕೂ ಹೂಂ ಎನ್ನುವವರ ಮೇಲೆ ಪಡಬೇಕು.